ವಸಯಿ ಖಾಡಿಯ ಮೇಲೆ ಕಂಡ ಬೆಳಕು

ಪ್ರಶ್ನೆ: ಸಂಜೆ ಏಳೂವರೆಯ ಹೊತ್ತಿಗೆ ಮುಂಬೈಯ ವಿರಾರ್ ಲೋಕಲ್ ರೈಲಿನಲ್ಲಿ ಮನೆಗೆ ಮರಳುತ್ತಿದ್ದೆ. ಭಾಯಂದರ್ ದಾಟಿ ಖಾಡಿಯ (ಕಡಲ ಹಿನ್ನೀರಿನ) ಸೇತುವೆ ಹತ್ತಿದಾಗ ಪಡುವಣದಲ್ಲಿ ಪ್ರಖರವಾದ ಬೆಳಕೊಂದು ಕಂಡಿತು. ಒಮ್ಮೆ ಕೆಂಪು, ಒಮ್ಮೆ ಹಸಿರು. ನಾಯ್‌ಗಾಂವ್‌ವರೆಗೂ ರೈಲಿನ ಜೊತೆಗೇ ಬಂತು. ಮಾವನವರು ಅದು ಶುಕ್ರಗ್ರಹ ಎನ್ನುತ್ತಾರೆ. ಹಾರುವ ತಟ್ಟೆ ಕಂಡವರಿಗೆಲ್ಲ ಅಮೆರಿಕದ ಸರ್ಕಾರವೂ ಶುಕ್ರ ಎಂದೇ ಹೇಳಿ ಬಾಯಿ ಮುಚ್ಚಿಸಿತಂತೆ. ನಂಬುವುದು ಹೇಗೆ?
– ಓದುಗರು, ವಸಯಿ

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ. ಆ ಉತ್ತರ ಎಡವಿದ್ದೂ ಉಂಟು. 1948ರ ಜನವರಿ 7ರಂದು ಅಮೆರಿಕದ ಕೆಂಟಕಿಯ ಆಕಾಶದಲ್ಲಿ ಜನರಿಗೆ ಕಂಡ ವಸ್ತುವನ್ನು ಬೆನ್ನಟ್ಟಿ ಮೇಲೇರಿದ ಕ್ಯಾಪ್ಟನ್ ಥಾಮಸ್ ಮ್ಯಾಂಟೆಲ್ ವಿಮಾನ ಪತನಗೊಂಡು ತೀರಿಕೊಂಡರು. ತನಿಖೆ ಮೊದಲು ಶುಕ್ರನತ್ತ ಬೊಟ್ಟು ಮಾಡಿತು. ಶುಕ್ರ ಆ ದಿಕ್ಕಿನಲ್ಲಿದ್ದದ್ದು ನಿಜ, ಆದರೆ ಹಗಲಿನಲ್ಲಿ ಅಷ್ಟು ಎದ್ದು ಕಾಣುವಂತಿರಲಿಲ್ಲ. ಗುಟ್ಟಾಗಿ ಹಾರಿಸುತ್ತಿದ್ದ ಸ್ಕೈಹುಕ್ ಎಂಬ, ಬಹಳ ಎತ್ತರಕ್ಕೇರುವ ದೊಡ್ಡ ಬಲೂನು ಅದಾಗಿರಬೇಕು ಎಂಬ ಅಭಿಪ್ರಾಯ ಆಮೇಲೆ ಬಲವಾಯಿತು. ಹಾಗೆಂದು ಎಲ್ಲರ ಬಾಯಿ ಮುಚ್ಚಿಸಿದರು ಎನ್ನುವುದೂ ಸರಿಯಲ್ಲ. 1947ರಿಂದ 1969ರವರೆಗೆ ಅಮೆರಿಕದ ವಾಯುಪಡೆಗೆ ಬಂದ 12,618 ವರದಿಗಳಲ್ಲಿ 701ಕ್ಕೆ ವಿವರಣೆ ಸಿಕ್ಕಿಲ್ಲವೆಂದು ವಾಯುಪಡೆಯೇ ಬರೆದಿಟ್ಟಿದೆ.

ನಮ್ಮಲ್ಲೇ ನಡೆದ ಒಂದು ತನಿಖೆ ನನಗೆ ಬಹಳ ಮೆಚ್ಚುಗೆಯಾದದ್ದು. ಲಡಾಖ್‌ನ ಗಡಿಯಲ್ಲಿ 2012–13ರಲ್ಲಿ ಯೋಧರು ಹೊಳೆಯುವ ವಸ್ತುಗಳನ್ನು ಪದೇ ಪದೇ ಕಂಡು, ಚೀನಾದ ಡ್ರೋನ್ ಇರಬಹುದೆಂದು ವರದಿ ಮಾಡಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಯೋಧರ ಮಾತನ್ನು ತಳ್ಳಿಹಾಕಲಿಲ್ಲ. ಅವು ನಕ್ಷತ್ರಗಳ ನಡುವೆ ಹೇಗೆ ಸರಿಯುತ್ತವೆ ಎಂದು ಗುರುತು ಹಾಕಿಸಿಕೊಂಡರು. ಅವು ಶುಕ್ರ ಮತ್ತು ಗುರು ಎಂದು ಗೊತ್ತಾಯಿತು. ಕಾವಲು ಕಾಯುವುದೇ ಕಸುಬಾದವರಿಗೂ ಹಾಗೆ ಕಂಡಿರುವಾಗ ನೀವು ಸಂಕೋಚಪಡಬೇಕಿಲ್ಲ.

ಬೆಳಕು ಜೊತೆಗೆ ಬಂದದ್ದಕ್ಕೆ ಕಾರಣ ದೂರ. ಕಂಬ, ಕಾಂಡ್ಲಾ ಗಿಡಗಳು ಹಿಂದೆ ಓಡುತ್ತವೆ. ಕೋಟಿಗಟ್ಟಲೆ ಕಿಲೋಮೀಟರ್ ಆಚೆ ಇರುವ ಗ್ರಹದ ದಿಕ್ಕು ಮಾತ್ರ ನಾಲ್ಕೈದು ಕಿಲೋಮೀಟರ್ ಪ್ರಯಾಣದಲ್ಲಿ ಬದಲಾಗುವುದಿಲ್ಲ. ದಿಗಂತದ ಬಳಿ ಕಲಕಾಡುವ ದಟ್ಟ ಗಾಳಿಯ ಪದರ ಬೆಳಕನ್ನು ಬಾಗಿಸಿ, ಬಣ್ಣ ಬಣ್ಣವಾಗಿ ಒಡೆದು ತೋರಿಸುತ್ತದೆ.

ಇಷ್ಟಾದರೂ ಮಾವನವರ ಮಾತನ್ನು ಪರೀಕ್ಷಿಸದೆ ಒಪ್ಪಬೇಡಿ. ಆಕಾಶದಲ್ಲಿ ಶುಕ್ರ ಸೂರ್ಯನಿಂದ ಸುಮಾರು 47 ಡಿಗ್ರಿಗಿಂತ ದೂರ ಹೋಗುವುದಿಲ್ಲ. ಆದ್ದರಿಂದ ಸಂಜೆ ಪೂರ್ವದಲ್ಲಿ ಕಂಡದ್ದು, ನಡುರಾತ್ರಿ ನೆತ್ತಿಯ ಮೇಲೆ ಕಂಡದ್ದು ಶುಕ್ರನಾಗಲಾರದು. ಮನೆಯ ಪಂಚಾಂಗವನ್ನೂ ತೆರೆಯಿರಿ. ಮದುವೆ ಮುಹೂರ್ತ ಇಡದ ಶುಕ್ರಾಸ್ತದ ದಿನಗಳಲ್ಲಿ ಅದು ಸೂರ್ಯನ ಬೆಳಕಿನಲ್ಲಿ ಅಡಗಿರುತ್ತದೆ. ಆ ಸಂಜೆ ಅಂಥ ದಿನವಾಗಿದ್ದರೆ ಮಾವನವರ ಉತ್ತರ ಬಿದ್ದುಹೋಗುತ್ತದೆ. ಮುಂದಿನ ಸಂಜೆಗಳಲ್ಲೂ ಅದೇ ಹೊತ್ತಿಗೆ ನೋಡಿ. ಕೈ ನೀಡಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಬೆಳಕು ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಬರೆದುಕೊಳ್ಳಿ. ಗ್ರಹವಾದರೆ ಮರುದಿನವೂ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ.

ಪತ್ರದಲ್ಲಿ ನೀವು ತಾರೀಖು ಬರೆದಿಲ್ಲ. ಅದನ್ನೊಂದು ತಿಳಿಸಿ, ನಾನೂ ಲೆಕ್ಕ ಹಾಕಿ ನೋಡುತ್ತೇನೆ.