ಒಂದೇ ದಿನದಲ್ಲಿ ಲಂಡನ್

ಪ್ರಶ್ನೆ: ನಾನು ಲೆಸ್ಟರ್‌ನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಗೆಳತಿಯರೆಲ್ಲ ಸೇರಿ ಒಂದು ದಿನ ಲಂಡನ್ ನೋಡೋಣ ಅಂತಿದ್ದೇವೆ. ಜಾಸ್ತಿ ದುಡ್ಡಿಲ್ಲ. ಏನೇನು ನೋಡಬಹುದು?

ಉತ್ತರ: ದುಡ್ಡಿಗಿಂತ ಬೆಳಕಿನ ಚಿಂತೆ ಮಾಡಿ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ 4ಕ್ಕೆಲ್ಲ ಕತ್ತಲಾಗುತ್ತದೆ, ಹಾಗಾಗಿ ಹೊರಗಡೆ ನೋಡುವುದನ್ನು ಮೊದಲು ಮುಗಿಸಿ. 1894ರ ಟವರ್ ಬ್ರಿಡ್ಜ್‌ನಿಂದ ಶುರು ಮಾಡಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲೇ ನಡೆಯಿರಿ. ಬರೋ ಮಾರ್ಕೆಟ್, ಟೇಟ್ ಮಾಡರ್ನ್ ಕಲಾ ಗ್ಯಾಲರಿ (ಪ್ರವೇಶ ಉಚಿತ), ಲಂಡನ್ ಐ ಅನ್ನೋ ದೈತ್ಯ ಚಕ್ರ ಎಲ್ಲ ದಾರಿಯಲ್ಲೇ ಸಿಗುತ್ತವೆ. ಲಂಡನ್ ಐ ಹತ್ತಲೇಬೇಕು ಅಂತೇನಿಲ್ಲ, ಕೆಳಗಿಂದ ನೋಡಿದರೂ ಚೆನ್ನಾಗಿದೆ! ಇನ್ನೂ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಕನ್ನಡದವರು ನೀವು, ಅಷ್ಟು ದೂರ ಹೋಗಿ ಅದನ್ನು ನೋಡದೆ ಬರ್ತೀರಾ?

ಆಮೇಲೆ ಬಸ್ ಹತ್ತಿ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ. ಬಸ್ಸಲ್ಲಿ ನಗದು ತಗೊಳ್ಳಲ್ಲ, ಬ್ಯಾಂಕ್ ಕಾರ್ಡನ್ನು ಅಲ್ಲಿನ ಯಂತ್ರಕ್ಕೆ ಮುಟ್ಟಿಸಬೇಕು. ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೆ ಮತ್ತೆ ದುಡ್ಡು ಕೊಡಬೇಕಿಲ್ಲ. ಮ್ಯೂಸಿಯಂಗೂ ಪ್ರವೇಶ ಉಚಿತ. ಶುಕ್ರವಾರ ಆದರೆ ರಾತ್ರಿ 8.30ರವರೆಗೂ ತೆರೆದಿರುತ್ತದೆ, ಸಾಧ್ಯವಿದ್ದರೆ ಆ ದಿನವೇ ಹೋಗಿ. ಎಲ್ಲವನ್ನೂ ನೋಡ್ತೀನಿ ಅಂತ ಓಡಬೇಡಿ, ಕಾಲು ಬಿದ್ದುಹೋಗುತ್ತದೆ. ಈಜಿಪ್ಟಿನ ಪ್ರಾಚೀನ ಲಿಪಿ ಓದಲು ನೆರವಾದ ರೊಸೆಟ್ಟಾ ಕಲ್ಲು, ಆಂಧ್ರದ ಅಮರಾವತಿಯ ಶಿಲ್ಪಗಳು ಇಷ್ಟು ಸಾಕು. ಅಲ್ಲಿಂದ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ಗೆ ನಡೆದೇ ಹೋಗಬಹುದು, ಲೆಸ್ಟರ್ ರೈಲು ಅಲ್ಲೇ. 16-25 ರೈಲ್‌ಕಾರ್ಡ್ ಇದ್ದರೆ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ವಯಸ್ಸು 25 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಅದನ್ನು ಕೊಡುತ್ತಾರೆ.