ಸ್ತನ ತೆಗೆದ ಆಪರೇಷನ್ ಆಗಿ ಐದು ವಾರ. ಹೊಲಿಗೆ ಮಾಗಿದೆ, ಆದರೆ ತೋಳು ಉರಿಯುತ್ತಿದೆ. ಇದು ಸಹಜವೇ?

ನಿಮ್ಮ ಪ್ರಶ್ನೆ ಓದಿ ನನ್ನ ಐದನೇ ವಾರ ಕಣ್ಣ ಮುಂದೆ ಬಂತು. ಕ್ಯಾನ್ಸರ್ ಅಂತ ಎಡ ಸ್ತನ, ಕಂಕುಳಿನ ಗಂಟು (ಲಿಂಫ್ ನೋಡ್) ಎರಡನ್ನೂ ತೆಗೆದಿದ್ದಾರೆ, ನೈಟಿಯ ತೋಳು ತಾಗಿದರೂ ಕೆಂಡ ಇಟ್ಟ ಹಾಗಾಗುತ್ತದೆ, ಕಾಯಿಲೆ ಮತ್ತೆ ಬಂತಾ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಬರೆದಿದ್ದೀರಿ. ನನಗೆ ನಾಲ್ಕು ವರ್ಷದ ಹಿಂದೆ ಇದೇ ಆಪರೇಷನ್ ಆಯಿತು, ಬಲಗಡೆ. ನಾನು ಡಾಕ್ಟರ್ ಅಲ್ಲ. ಅನುಭವಿಸಿದ್ದನ್ನೂ ಕೇಳಿ ತಿಳಿದುಕೊಂಡಿದ್ದನ್ನೂ ಹೇಳುತ್ತೇನೆ.

ಮೊದಲು ಆ ಭಯದ ಮಾತು. ನೀವು ಹೇಳಿದಂಥ ಉರಿ ಹೆಚ್ಚಾಗಿ ನರದ್ದು. ಕಂಕುಳಿನಲ್ಲಿ ಹಾದು ತೋಳಿನ ಒಳಮಗ್ಗುಲಿಗೆ ಹೋಗುವ ಒಂದು ಸಣ್ಣ ನರ ಇದೆ. ಇಂಟರ್‌ಕಾಸ್ಟೋಬ್ರೇಕಿಯಲ್ ಅಂತ ಅದರ ಹೆಸರು. ಮುಟ್ಟಿದ್ದು ತಿಳಿಯುವುದು ಅದರಿಂದ, ಕೈ ಎತ್ತುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಗಂಟು ತೆಗೆಯುವಾಗ ಆ ನರ ಜಗ್ಗುತ್ತದೆ, ಕೆಲವೊಮ್ಮೆ ಕತ್ತರಿಸಲೇಬೇಕಾಗುತ್ತದೆ. ಅದಕ್ಕೇ ಒಂದು ಕಡೆ ಮರಗಟ್ಟಿರುತ್ತದೆ, ಅದರ ಪಕ್ಕದಲ್ಲೇ ಉರಿ. ಸ್ನಾನ ಮಾಡುವಾಗ ನನಗೆ ಒಂದು ಅಂಗೈ ಅಗಲದ ಜಾಗದಲ್ಲಿ ನೀರು ಬಿದ್ದದ್ದೇ ತಿಳಿಯುತ್ತಿರಲಿಲ್ಲ, ಎರಡು ಬೆರಳು ಆಚೆಗೆ ಅದೇ ನೀರು ಸೂಜಿ ಚುಚ್ಚಿದ ಹಾಗಾಗುತ್ತಿತ್ತು.

ನನಗೆ ಆಪರೇಷನ್‌ಗೆ ಮುಂಚೆ ಇದನ್ನು ಯಾರೂ ಹೇಳಿರಲಿಲ್ಲ. ಹೊಲಿಗೆ, ಗಾಯದೊಳಗಿನ ನೀರು ಹೊರಗೆ ಬರಲು ಇಡುವ ಡ್ರೈನ್ ಪೈಪು, ಅದರ ಬಾಟಲಿ, ಇದೆಲ್ಲ ಹೇಳಿದ್ದರು. ದಿನಕ್ಕೆ ಎಷ್ಟು ಎಂ.ಎಲ್. ನೀರು ಬಂತು ಅಂತ ಬರೆದಿಡಿ, 30ಕ್ಕಿಂತ ಕಡಿಮೆ ಆದರೆ ಪೈಪು ತೆಗೆಯುತ್ತೇವೆ ಅಂದಿದ್ದರು. ಅಮ್ಮ ಹಳೇ ಸೀರೆಯಲ್ಲಿ ಒಂದು ಚೀಲ ಹೊಲಿದು ಆ ಬಾಟಲಿಯನ್ನು ಕುತ್ತಿಗೆಗೆ ನೇತುಹಾಕಿದ್ದರು. ಹನ್ನೊಂದನೇ ದಿನ ಪೈಪು ತೆಗೆದರು. ಇನ್ನು ಮುಗಿಯಿತು ಅಂದುಕೊಂಡೆ. ಉರಿ ಶುರುವಾಗಿದ್ದೇ ಆಮೇಲೆ.

ನಾನು ಮಾಡಿದ ದೊಡ್ಡ ತಪ್ಪು ಒಂದಿದೆ. ಮೂರು ಚೆಕಪ್‌ನಲ್ಲೂ ಡಾಕ್ಟರ್ ‘ಹೇಗಿದ್ದೀರಿ’ ಅಂದಾಗ ‘ಪರವಾಗಿಲ್ಲ’ ಅಂದುಬಿಟ್ಟೆ. ಜೀವ ಉಳಿದಿದೆಯಲ್ಲ, ಇನ್ನು ನೋವು ಅಂತ ಹೇಳುವುದು ಹೇಗೆ ಅನ್ನಿಸುತ್ತಿತ್ತು. ಮನೆಯಲ್ಲೂ ಅಷ್ಟೇ. ಹೆರಿಗೆ ನೋವು ತಡೆದುಕೊಂಡವಳು ನೀನು, ಇದೇನು ಮಹಾ ಅನ್ನುತ್ತಿದ್ದರು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಸುಮ್ನೆ ನೋವು ಅಂದರೆ ಗಾಯದ ನೋವು ಅಂದುಕೊಂಡು ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ನರದ ಉರಿಗೆ ಅದು ಸಾಮಾನ್ಯವಾಗಿ ಸಾಲುವುದಿಲ್ಲ. ‘ಬಟ್ಟೆ ತಾಗಿದರೆ ಉರಿ, ಆಗಾಗ ಶಾಕ್ ಹೊಡೆದ ಹಾಗೆ, ರಾತ್ರಿ ಜಾಸ್ತಿ, ಇಲ್ಲಿಂದ ಇಲ್ಲಿವರೆಗೆ’ ಅಂತ ಬೆರಳಿಟ್ಟು ತೋರಿಸಿ. ನಾನು ನಾಲ್ಕನೇ ಸಲ ಹೀಗೆ ಹೇಳಿದ ಮೇಲೇ ಡಾಕ್ಟರ್ ನರದ ನೋವಿನ ಮಾತ್ರೆ ಕೊಟ್ಟಿದ್ದು. ಗಾಬಾಪೆಂಟಿನ್. ಔಷಧಿ ಅಂಗಡಿಯವರು ‘ಇದು ಫಿಟ್ಸ್‌ಗೆ ಕೊಡುವುದಲ್ವಾ’ ಅಂದಾಗ ಗಾಬರಿಯಾಗಿ ಎರಡು ದಿನ ನುಂಗಲೇ ಇಲ್ಲ. ಅದು ಫಿಟ್ಸ್‌ಗೂ ಕೊಡುವ ಮಾತ್ರೆ, ನರದ ನೋವಿಗೂ ಕೊಡುತ್ತಾರೆ. ಮೊದಲ ವಾರ ತೂಕಡಿಕೆ, ತಲೆಸುತ್ತು ಇತ್ತು. ಯಾವ ಮಾತ್ರೆ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನೀವಾಗಿಯೇ ಶುರು ಮಾಡಬೇಡಿ, ನೀವಾಗಿಯೇ ತಟ್ಟನೆ ನಿಲ್ಲಿಸಲೂಬೇಡಿ.

ಇನ್ನೊಂದು ವಿಷಯ. ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ಒಂದು ದಾರ ಬಿಗಿದ ಹಾಗೆ ಕಾಣುತ್ತಿದೆಯಾ? ನನಗೆ ಆರನೇ ವಾರ ಬಂತು. ತಂಬೂರಿಯ ತಂತಿ ಹಾಗೆ ಎದ್ದು ನಿಂತಿತ್ತು, ಮುಟ್ಟಿದರೆ ಸಿಗುತ್ತಿತ್ತು. ನೋಡಿ ಹೆದರಿ ಅತ್ತುಬಿಟ್ಟೆ. ಗಂಟು ತೆಗೆದವರಲ್ಲಿ ತುಂಬಾ ಜನಕ್ಕೆ ಹೀಗಾಗುತ್ತದೆ, ಫಿಸಿಯೋಥೆರಪಿಯಲ್ಲಿ ಸಡಿಲವಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ನೋವು ಅಂತ ಕೈಯನ್ನು ಹೊಟ್ಟೆಗೆ ಒತ್ತಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ರೇಡಿಯೇಶನ್ ಇದ್ದರೆ ಕೈ ತಲೆಯ ಮೇಲಿಟ್ಟು ಅಲುಗದೆ ಮಲಗಬೇಕು, ಆಗ ಕಷ್ಟ. ನಾನು ಅಡುಗೆಮನೆ ಗೋಡೆಗೆ ಬೆರಳು ಊರಿ ಮೆಲ್ಲಗೆ ಮೇಲೆ ಹತ್ತಿಸುತ್ತಿದ್ದೆ. ಎಲ್ಲಿಗೆ ಮುಟ್ಟಿತೋ ಅಲ್ಲಿ ಮಗಳು ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಸಾಂಬಾರು ಪುಡಿ ಡಬ್ಬದ ಶೆಲ್ಫು ಮುಟ್ಟಲು ನನಗೆ ಎರಡು ತಿಂಗಳು ಬೇಕಾಯಿತು. ಯಾವ ವ್ಯಾಯಾಮ, ಎಷ್ಟು ಅಂತ ಫಿಸಿಯೋಥೆರಪಿಯವರನ್ನೇ ಕೇಳಿ.

ಇಲ್ಲದ ಸ್ತನದಲ್ಲಿ ತುರಿಕೆ, ನೋವು ಬಂದರೂ ಬೆಚ್ಚಬೇಡಿ. ತುದಿಯಲ್ಲಿ ತುರಿಕೆ ಆಗಿ ಕೆರೆಯಲು ಕೈ ಹೋದರೆ ಅಲ್ಲಿ ಏನೂ ಇಲ್ಲ. ಅವತ್ತು ನಾನು ಯಾರಿಗೂ ಹೇಳಲಿಲ್ಲ, ತಲೆ ಕೆಟ್ಟಿತು ಅಂದುಕೊಂಡೆ. ಇದು ಎಷ್ಟೋ ಹೆಂಗಸರಿಗೆ ಆಗುತ್ತದೆ. ಇದನ್ನೂ ಡಾಕ್ಟರಿಗೆ ಹೇಳಬಹುದು.

ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಬ್ಯಾಗ್ ಇಡಬೇಡಿ. ನಾನು ಇಟ್ಟು ಬೊಬ್ಬೆ ಎದ್ದಿತ್ತು, ಸುಟ್ಟಿದ್ದೇ ತಿಳಿಯಲಿಲ್ಲ. ಜ್ವರ, ಕೆಂಪು, ಕೀವು, ತಟ್ಟನೆ ಬಾವು, ಗಾಯದ ಹತ್ತಿರ ಹೊಸ ಗಂಟು, ಇವು ಕಂಡರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಪೂರ್ತಿ ಹೋಗುತ್ತದಾ ಅಂತ ಕೇಳಿದ್ದೀರಿ. ಎಲ್ಲರಿಗೂ ಒಂದೇ ಥರ ಅಲ್ಲ. ನನಗೆ ಎಂಟು ತಿಂಗಳಿಗೆ ಉರಿ ಹೋಯಿತು. ಆ ಅಂಗೈ ಅಗಲದ ಜಾಗ ಈಗಲೂ ಮರಗಟ್ಟಿಯೇ ಇದೆ, ಚಳಿಗಾಲದಲ್ಲಿ ಸ್ವಲ್ಪ ಸೆಳೆಯುತ್ತದೆ. ಅಷ್ಟೇ.

ಇವತ್ತಿಗೆ ಒಂದು ಕೆಲಸ ಮಾಡಿ. ಆ ನೈಟಿಯ ಎಡಗಡೆ ತೋಳನ್ನು ಕತ್ತರಿಸಿಬಿಡಿ. ತೊಳೆದು ತೊಳೆದು ಮೆತ್ತಗಾದ ಹಳೇ ಕಾಟನ್ ಸೀರೆ ಇದ್ದರೆ ಮಡಿಸಿ ತೋಳಿಗೂ ಮೈಗೂ ನಡುವೆ ಇಟ್ಟುಕೊಳ್ಳಿ, ಕೈ ಕೆಳಗೆ ಒಂದು ದಿಂಬು. ನಾನು ಮೊದಲ ಸಲ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದು ಹಾಗೆ.