ಕ್ಲ್ಯಾಂಪ್ ಹಾಕಿದ ಮೇಲೆ ಫೋರ್ಕ್‌ಲಿಫ್ಟ್ ಎಷ್ಟು ಭಾರ ಎತ್ತಬಹುದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಫೋರ್ಕ್‌ಲಿಫ್ಟ್‌ನ ಹೈಡ್ರಾಲಿಕ್ ಅಟ್ಯಾಚ್‌ಮೆಂಟ್‌ಗಳ (ಎಣ್ಣೆಯ ಒತ್ತಡದಿಂದ ನಡೆಯುವ ಜೋಡಣೆಗಳ) ಬಗ್ಗೆಯೇ ಇವೆ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಏಕೆಂದರೆ ಅದರಲ್ಲಿ ಪ್ರಾಣಾಪಾಯ ಇದೆ.

ಪ್ರಶ್ನೆ: ನಮ್ಮದು ಎರಡೂವರೆ ಟನ್ನಿನ ಗಾಡಿ. ಫೋರ್ಕ್ ತೆಗೆದು ಬೇಲ್ ಕ್ಲ್ಯಾಂಪ್ (ಒತ್ತಿ ಕಟ್ಟಿದ ಸರಕಿನ ಮೂಟೆಯನ್ನು ಎರಡು ತೋಳುಗಳ ನಡುವೆ ಅಮುಕಿ ಹಿಡಿಯುವ ಸಾಧನ) ಹಾಕಿಸಿದ್ದೇವೆ. 1900 ಕೆಜಿಯ ಬೇಲ್ ಹಿಡಿದು ಬ್ರೇಕ್ ಒತ್ತಿದರೆ ಹಿಂಭಾಗ ಎದ್ದ ಹಾಗೆ ಆಗುತ್ತದೆ, ಸ್ಟಿಯರಿಂಗ್ ಹಗುರವಾಗುತ್ತದೆ. ಇನ್ನೂ 600 ಕೆಜಿ ಎತ್ತಬಹುದಲ್ವಾ, ಮತ್ತೆ ಯಾಕೆ ಹೀಗೆ?

ಎತ್ತುವ ಹಾಗಿಲ್ಲ. ನೀವು ಈಗಾಗಲೇ ಮಿತಿ ದಾಟಿದ್ದೀರಿ. ಆ ಬೇಲ್‌ಗಳನ್ನು ಆ ಗಾಡಿಯಲ್ಲಿ ಎತ್ತುವುದನ್ನು ಇವತ್ತೇ ನಿಲ್ಲಿಸಿ, ಆಮೇಲೆ ಮುಂದೆ ಓದಿ.

ನೇಮ್ ಪ್ಲೇಟಿನ 2500 ಕೆಜಿಗೆ ಒಂದು ಷರತ್ತಿದೆ. ಲೋಡಿನ ತೂಕದ ಕೇಂದ್ರ ಫೋರ್ಕ್‌ನ ನೆಟ್ಟನೆಯ ಮುಖದಿಂದ 500 ಮಿಲಿಮೀಟರ್ ಒಳಗೆ ಇರಬೇಕು. ಫೋರ್ಕ್‌ಲಿಫ್ಟ್ ಒಂದು ತಕ್ಕಡಿ ಇದ್ದ ಹಾಗೆ: ಮುಂದಿನ ಚಕ್ರದ ಆಕ್ಸಲ್ ನಡುವಿನ ಆಧಾರ, ಹಿಂದಿನ ಕೌಂಟರ್‌ವೇಟ್ (ಸಮತೋಲನಕ್ಕೆ ಇಟ್ಟ ಭಾರ) ಒಂದು ತಟ್ಟೆ, ಲೋಡ್ ಇನ್ನೊಂದು. ಭಾರ ಹೆಚ್ಚಾದರೂ, ಅದೇ ಭಾರ ಮುಂದಕ್ಕೆ ಸರಿದರೂ ಗಾಡಿ ಮುಂದಕ್ಕೆ ವಾಲುತ್ತದೆ. ಕ್ಲ್ಯಾಂಪ್ ಹಾಕಿದಾಗ ಎರಡೂ ಒಟ್ಟಿಗೆ ಆಗುತ್ತವೆ. ಅದರದ್ದೇ ತೂಕ ಇದೆ, ಜೊತೆಗೆ ಅದರ ದಪ್ಪದಷ್ಟು ಲೋಡ್ ಮುಂದೆ ಹೋಗುತ್ತದೆ.

ಒಂದು ಅಂದಾಜು ಲೆಕ್ಕ ಮಾಡೋಣ. ಆಕ್ಸಲ್‌ನಿಂದ ಫೋರ್ಕ್ ಮುಖದವರೆಗೆ 480 ಮಿ.ಮೀ. ಅಂದುಕೊಳ್ಳಿ. ಅದಕ್ಕೆ 500 ಸೇರಿಸಿದರೆ ಲೋಡಿನ ದೂರ 980. ಗಾಡಿ ತಡೆಯುವುದು ಭಾರ ಗುಣಿಸು ದೂರ, 2500 × 980, ಅಂದರೆ 24,50,000. ಕ್ಲ್ಯಾಂಪ್ ತೂಕ 700 ಕೆಜಿ, ಅದರ ತೂಕದ ಕೇಂದ್ರ ಆಕ್ಸಲ್‌ನಿಂದ 730 ಮಿ.ಮೀ. ದೂರ ಇದ್ದರೆ 5,11,000 ಅಲ್ಲೇ ಖರ್ಚಾಯಿತು. ಉಳಿದದ್ದು 19,39,000. ಕ್ಲ್ಯಾಂಪ್‌ನಿಂದ ಲೋಡ್ 200 ಮಿ.ಮೀ. ಮುಂದೆ ಹೋಗಿದೆ, ಹಾಗಾಗಿ ಅದರ ದೂರ 1180 ಮಿ.ಮೀ. ಭಾಗಿಸಿ ನೋಡಿ, ಸುಮಾರು 1640 ಕೆಜಿ ಬರುತ್ತದೆ. ಮಾಸ್ಟ್ (ಲೋಡ್ ಎತ್ತುವ ಮುಂದಿನ ಕಂಬ) ಎತ್ತರಕ್ಕೆ ಹೋದಂತೆ ಇದೂ ಇಳಿಯುತ್ತದೆ. ನಿಮ್ಮ ಬೇಲ್ 1900 ಕೆಜಿ. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಆ ಚಕ್ರದ ಮೇಲಿನ ಭಾರ ಕಡಿಮೆಯಾದಾಗಲೇ ಸ್ಟಿಯರಿಂಗ್ ಹಗುರವಾಗುವುದು. ಗಾಡಿ ಕೊಡುವ ಕೊನೆಯ ಎಚ್ಚರಿಕೆ ಅದು.

ಈ ಲೆಕ್ಕ ವಿಷಯ ಅರ್ಥವಾಗಲಿ ಎಂದು ಮಾತ್ರ. ಕೆಲಸಕ್ಕೆ ಇದನ್ನು ನಂಬಬೇಡಿ. ನಿಮ್ಮ ಗಾಡಿಯ ಮಾಡೆಲ್, ಮಾಸ್ಟ್ ಎತ್ತರ, ಕ್ಲ್ಯಾಂಪ್ ಮಾಡೆಲ್ ಮೂರನ್ನೂ ಗಾಡಿ ತಯಾರಿಸಿದ ಕಂಪನಿಗೆ ಬರೆದು, ಹೊಸ ಸಾಮರ್ಥ್ಯವನ್ನು ಲಿಖಿತವಾಗಿ ತರಿಸಿಕೊಳ್ಳಿ. ಹೊಸ ನೇಮ್ ಪ್ಲೇಟ್ ಹಾಕಿಸಿ. ಹಳೆಯ ಪ್ಲೇಟ್ ಹಾಗೇ ಇದ್ದರೆ ಮುಂದಿನ ಆಪರೇಟರ್ ನಿಮ್ಮ ಹಾಗೆಯೇ 600 ಕೆಜಿ ಉಳಿದಿದೆ ಅಂದುಕೊಳ್ಳುತ್ತಾನೆ. ಕೌಂಟರ್‌ವೇಟ್ ಮೇಲೆ ಕಬ್ಬಿಣ ಪೇರಿಸುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ಆಕ್ಸಲ್, ಮಾಸ್ಟ್, ಬ್ರೇಕ್ ಯಾವುದೂ ಆ ಭಾರಕ್ಕೆ ಮಾಡಿದ್ದಲ್ಲ.

ಪ್ರಶ್ನೆ: ಬೇರೆ ಗಾಡಿಯಲ್ಲಿದ್ದ ಪೇಪರ್ ರೋಲ್ ಕ್ಲ್ಯಾಂಪನ್ನು ನಮ್ಮ ಮೆಕ್ಯಾನಿಕ್ ಕೈಯಲ್ಲೇ ಹಾಕಿಸಬೇಕು ಅಂತಿದ್ದೇವೆ. ಏನೇನು ಗಮನಿಸಬೇಕು?

ಮೊದಲು ಕ್ಯಾರೇಜ್ (ಮಾಸ್ಟ್ ಮೇಲೆ ಏರಿಳಿಯುವ, ಫೋರ್ಕ್ ಅಥವಾ ಕ್ಲ್ಯಾಂಪ್ ಕೂರುವ ಚೌಕಟ್ಟು) ಅಳೆಯಿರಿ. ಎರಡನೇ ಕ್ಲಾಸ್ ಕ್ಯಾರೇಜ್ ಎತ್ತರ 407 ಮಿ.ಮೀ., ಮೂರನೇ ಕ್ಲಾಸ್‌ದು 508. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ವೆಲ್ಡಿಂಗ್ ಮಾಡಿ ಕೂರಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಮೇಲಿನ ಪಟ್ಟಿಯ ನಡುವಿನ ಕಚ್ಚಿನಲ್ಲಿ ಕ್ಲ್ಯಾಂಪಿನ ಗೂಟ ಸರಿಯಾಗಿ ಕೂತಿರಬೇಕು. ಇಲ್ಲದಿದ್ದರೆ ಅದು ಪಕ್ಕಕ್ಕೆ ಜಾರುತ್ತದೆ. ಕೆಳಗಿನ ಹುಕ್‌ಗಳ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ, ಟಾರ್ಕ್ ರೆಂಚ್ ಹಿಡಿದು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಬಿಗಿಯಿರಿ.

ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸ ಇದೆ. ಹೋಸ್‌ಗಳನ್ನು ನೇರ ಕ್ಲ್ಯಾಂಪಿಗೆ ಜೋಡಿಸಬೇಡಿ. ಮೊದಲು ಎರಡು ಹೋಸ್ ತುದಿಗಳನ್ನು ಒಂದು ಯೂನಿಯನ್ (ಜೋಡಿಸುವ ತುಣುಕು) ಹಾಕಿ ಒಂದಕ್ಕೊಂದು ಸೇರಿಸಿ. ಗಾಡಿ ಚಾಲೂ ಮಾಡಿ ಕ್ಲ್ಯಾಂಪ್ ನಡೆಸುವ ಲಿವರನ್ನು ಅರ್ಧ ನಿಮಿಷ ಹಿಡಿಯಿರಿ. ಹೋಸ್ ಒಳಗಿನ ರಬ್ಬರ್ ಚೂರು, ದೂಳು ಎಲ್ಲಾ ಎಣ್ಣೆಯ ಜೊತೆ ವಾಪಸ್ ಟ್ಯಾಂಕಿಗೆ ಹೋಗಿ ಫಿಲ್ಟರ್‌ನಲ್ಲಿ ನಿಲ್ಲುತ್ತದೆ. ಆಮೇಲೆ ಗಾಡಿ ಆಫ್ ಮಾಡಿ, ಒತ್ತಡ ಇಳಿಸಿ, ಕ್ಲ್ಯಾಂಪಿಗೆ ಜೋಡಿಸಿ. ಆ ಸಣ್ಣ ಚೂರು ಕ್ಲ್ಯಾಂಪಿನ ಚೆಕ್ ವಾಲ್ವ್‌ನಲ್ಲಿ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಸಿಕ್ಕಿಕೊಂಡರೆ ಎತ್ತರದಲ್ಲಿ ಹಿಡಿದ ರೋಲ್ ನಿಧಾನವಾಗಿ ಸಡಿಲವಾಗಬಹುದು.

ಹೋಸ್ ಮೇಲೆ ಉದ್ದಕ್ಕೆ ಅಚ್ಚು ಹಾಕಿದ ಗೆರೆ ಇರುತ್ತದೆ. ಜೋಡಿಸಿದ ಮೇಲೆ ಅದು ಸುರುಳಿ ಸುತ್ತಿಕೊಂಡು ಕಂಡರೆ ಹೋಸ್ ತಿರುಚಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಮಾಸ್ಟನ್ನು ನಿಧಾನವಾಗಿ ಕೊನೆಯವರೆಗೆ ಎತ್ತಿ ಎಲ್ಲಾದರೂ ಎಳೆಯುತ್ತದಾ, ಉಜ್ಜುತ್ತದಾ ನೋಡಿ. ಲೋಡ್ ಇಲ್ಲದೆ ಹಲವು ಬಾರಿ ಪೂರ್ತಿ ತೆರೆದು ಮುಚ್ಚಿ ಗಾಳಿ ಹೊರಹಾಕಿ, ಎಣ್ಣೆ ಮಟ್ಟ ಮತ್ತೆ ನೋಡಿ. ಕ್ಲ್ಯಾಂಪ್ ಬಿಡಿಸುವ ಲಿವರ್‌ಗೆ ಲಾಕ್ ಬಟನ್ ಇರಲೇಬೇಕು. ಮೊಣಕೈ ತಾಗಿ ಲಿವರ್ ಸರಿದರೂ ಲೋಡ್ ಬೀಳಬಾರದು.

ಪ್ರಶ್ನೆ: ಕ್ಲ್ಯಾಂಪ್‌ನಿಂದ ಲೋಡ್ ಮೆಲ್ಲಗೆ ಜಾರುತ್ತದೆ. ರಿಲೀಫ್ ವಾಲ್ವ್ (ಎಣ್ಣೆಯ ಒತ್ತಡ ಮಿತಿ ಮೀರದಂತೆ ನೋಡುವ ವಾಲ್ವ್) ಬಿಗಿ ಮಾಡಿ ಪ್ರೆಶರ್ ಜಾಸ್ತಿ ಮಾಡಲಾ?

ಬೇಡ. ಮೊದಲು ಜಾರುತ್ತಿರುವುದು ಯಾವುದು ನೋಡಿ. ಲೋಡ್ ಹಿಡಿದು ನೆಲದಿಂದ ಸ್ವಲ್ಪವೇ ಮೇಲೆ ಎತ್ತಿ ನಿಲ್ಲಿಸಿ. ತೋಳುಗಳು ಸರಿಯುವ ಜಾಗಕ್ಕೆ ಒಂದು, ಲೋಡ್ ಮತ್ತು ತೋಳಿನ ಒಳಮುಖದ ಪ್ಯಾಡ್ ಸೇರುವ ಕಡೆ ಒಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಗಾಡಿ ಆಫ್ ಮಾಡಿ ಸ್ವಲ್ಪ ಹೊತ್ತು ದೂರ ನಿಂತು ಕಾಯಿರಿ. ತೋಳು ತೆರೆದುಕೊಂಡಿದ್ದರೆ ಸಿಲಿಂಡರ್ ಸೀಲ್ ಅಥವಾ ಚೆಕ್ ವಾಲ್ವ್ ದೋಷ. ತೋಳು ಅಲ್ಲೇ ಇದ್ದು ಲೋಡ್ ಇಳಿದಿದ್ದರೆ ಹಿಡಿತ ಸಾಲುತ್ತಿಲ್ಲ.

ಹೆಚ್ಚಾಗಿ ಪ್ಯಾಡ್ ಸವೆದು ನುಣುಪಾಗಿರುತ್ತದೆ, ಇಲ್ಲವೇ ದೂಳು, ಎಣ್ಣೆ, ತೇವ ಕೂತಿರುತ್ತದೆ. ಘರ್ಷಣೆ ಗುಣಾಂಕ (ಪ್ಯಾಡ್ ಮತ್ತು ಲೋಡ್ ನಡುವಿನ ಹಿಡಿತದ ಅಳತೆ) 0.5 ಇದ್ದರೆ 1000 ಕೆಜಿ ಲೋಡ್ ಹಿಡಿಯಲು ಪ್ರತಿ ತೋಳು ಕನಿಷ್ಠ 1000 ಕೆಜಿ ಬಲದಲ್ಲಿ ಒತ್ತಬೇಕು. ಅದು 0.25ಕ್ಕೆ ಇಳಿದರೆ 2000 ಕೆಜಿ ಬೇಕು. ಗಾಡಿ ಅಲುಗಿದರೆ ಇನ್ನೂ ಹೆಚ್ಚು. ಪ್ರೆಶರ್ ಏರಿಸಿ ಇದನ್ನು ಸರಿದೂಗಿಸಲು ಹೋದರೆ ಸರಕು ಜಜ್ಜಿಹೋಗುತ್ತದೆ, ತೋಳಿನ ವೆಲ್ಡಿಂಗ್ ಬಿರುಕು ಬಿಡುತ್ತದೆ. ಪ್ಯಾಡ್ ಒರೆಸಿ, ಬೇಕಿದ್ದರೆ ಬದಲಿಸಿ. ಆಮೇಲೂ ಜಾರಿದರೆ ಗೇಜ್ ಹಾಕಿ ಅಳೆಯಿರಿ. ಮ್ಯಾನ್ಯುಯಲ್‌ನಲ್ಲಿರುವ ಮಿತಿ ದಾಟಬೇಡಿ.

ಪ್ರಶ್ನೆ: ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತು. ನಮ್ಮ ಹುಡುಗ ಎಲ್ಲಿಂದ ಸೋರುತ್ತಿದೆ ಅಂತ ಕೈ ಸವರಿ ನೋಡುತ್ತಾನೆ. ಪರವಾಗಿಲ್ವಾ?

ಖಂಡಿತ ಬೇಡ. ಈ ಹೋಸ್‌ಗಳಲ್ಲಿ 150ರಿಂದ 200 ಬಾರ್ ಒತ್ತಡ ಇರುವುದು ಮಾಮೂಲಿ. ಅಷ್ಟು ಒತ್ತಡದಲ್ಲಿ ಸಣ್ಣ ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗ್ಲೌಸ್ ಕೂಡ ಅದನ್ನು ತಡೆಯುವುದಿಲ್ಲ. ಹೊರಗೆ ಒಂದು ಚುಕ್ಕೆ ಕಾಣಬಹುದು ಅಷ್ಟೇ, ನೋವೂ ಮೊದಲು ಕಡಿಮೆ ಇರಬಹುದು. ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ, ಬೆರಳು ಹೋದವರಿದ್ದಾರೆ. ಹೀಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ "ಒತ್ತಡದ ಹೈಡ್ರಾಲಿಕ್ ಎಣ್ಣೆ ಚರ್ಮದೊಳಗೆ ಹೋಗಿದೆ" ಎಂದು ಅದೇ ಮಾತಿನಲ್ಲಿ ಹೇಳಿ. ಬೆಳಿಗ್ಗೆ ನೋಡೋಣ ಅನ್ನಬೇಡಿ.

ಸೋರಿಕೆ ಹುಡುಕಲು ಉದ್ದನೆಯ ರಟ್ಟಿನ ತುಂಡು ಹಿಡಿಯಿರಿ, ಮುಖಕ್ಕೆ ಕನ್ನಡಕ ಇರಲಿ. ಹೋಸ್ ಬಿಚ್ಚುವ ಮುಂಚೆ ಅಟ್ಯಾಚ್‌ಮೆಂಟ್ ನೆಲಕ್ಕೆ ಇಳಿಸಿ, ಗಾಡಿ ಆಫ್ ಮಾಡಿ, ಲಿವರ್‌ಗಳನ್ನು ಹಿಂದೆ ಮುಂದೆ ಕೆಲವು ಸಲ ಆಡಿಸಿ. ಚೆಕ್ ವಾಲ್ವ್ ಇರುವ ಕ್ಲ್ಯಾಂಪ್‌ನಲ್ಲಿ ಇಷ್ಟಾದರೂ ಸಿಲಿಂಡರ್ ಒಳಗೆ ಒತ್ತಡ ಉಳಿದಿರಬಹುದು, ಅದನ್ನು ಮ್ಯಾನ್ಯುಯಲ್ ಹೇಳಿದ ಹಾಗೆ ಇಳಿಸಿ. ತೂತಾದ ಹೋಸ್‌ಗೆ ಟೇಪ್ ಸುತ್ತಬೇಡಿ, ಬದಲಿಸಿ.

ಪ್ರಶ್ನೆ: ಓಡುವಾಗಲೇ ಸೈಡ್ ಶಿಫ್ಟ್ (ಲೋಡನ್ನು ಎಡಕ್ಕೆ ಬಲಕ್ಕೆ ಸರಿಸುವುದು) ಮಾಡಬಹುದಾ?

ಬೇಡ. ಲೋಡ್ ನಡುವಿಗೆ ತಂದು, ನೆಲದಿಂದ 150–200 ಮಿ.ಮೀ. ಎತ್ತರದಲ್ಲಿ, ಮಾಸ್ಟ್ ಹಿಂದಕ್ಕೆ ವಾಲಿಸಿ ಓಡಿಸಿ. ಮುಂದೆ ಕಾಣದಿದ್ದರೆ ಹಿಮ್ಮುಖವಾಗಿ ಹೋಗಿ. ಅಟ್ಯಾಚ್‌ಮೆಂಟ್ ಖಾಲಿ ಇದ್ದರೂ ಅರ್ಧ ಲೋಡ್ ಇದೆ ಅಂದುಕೊಂಡೇ ಓಡಿಸಿ.

ಪ್ರಶ್ನೆ: ಸೈಡ್ ಶಿಫ್ಟರ್‌ನಲ್ಲಿರುವ ಫೋರ್ಕ್ ಯಾವಾಗ ಬದಲಿಸಬೇಕು?

ಬಾಗಿದ ಮೂಲೆಯ ಹತ್ತಿರ ದಪ್ಪ ಅಳೆಯಿರಿ. ಹೊಸದರಲ್ಲಿ ಇದ್ದದ್ದರ ಶೇ. 90ಕ್ಕೆ ಇಳಿದಿದ್ದರೆ ತೆಗೆದುಹಾಕಿ. ಸವೆದದ್ದು ಶೇ. 10 ಆದರೂ ತಾಕತ್ತು ಹೆಚ್ಚುಕಡಿಮೆ ಶೇ. 20 ಕಡಿಮೆಯಾಗಿರುತ್ತದೆ. ಆ ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಳತೆಯೂ ಬೇಕಿಲ್ಲ, ಗಾಡಿಯನ್ನು ಅಲ್ಲೇ ನಿಲ್ಲಿಸಿ.